ಆಫ್ರಿಕಾದ ಹಳೇ ಲೋಹದ ಸಾಮಾನು, ಪೂಜೆಯ ವಸ್ತುಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರು ಷೋಕೇಸಿನ ಮುಂದೆ ನಿಂತು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಫೋನಿನಲ್ಲೂ ಇವೇ. ಪ್ರತಿ ಸಲ ಮೊದಲಿಂದ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಕೆಲಸದ ಮೇಲೆ ಕೆಲವು ವರ್ಷ ಘಾನಾದಲ್ಲಿದ್ದೆ, ನಡುವೆ ಎರಡು ಸಲ ಇಥಿಯೋಪಿಯಾಗೆ ಹೋಗಿಬಂದೆ. ವಿದ್ವಾಂಸ ಅಲ್ಲ, ವ್ಯಾಪಾರಿಯೂ ಅಲ್ಲ. ದುಡ್ಡು ಕೊಟ್ಟು ಮೋಸ ಹೋಗಿ ಕಲಿತವನು, ಅಷ್ಟೇ.

ಆಫ್ರಿಕಾ ಅಂದರೆ ಮರದ ಮುಖವಾಡ ಅಲ್ವಾ? ಲೋಹದಲ್ಲಿ ಏನಿದೆ?

ಬೇಕಾದಷ್ಟಿದೆ. ಘಾನಾ ಮತ್ತು ಐವರಿ ಕೋಸ್ಟ್‌ನ ಆಕಾನ್ ಜನ ಚಿನ್ನ ತೂಗಲು ಬಳಸುತ್ತಿದ್ದ ಹಿತ್ತಾಳೆ ಬಟ್ಟುಗಳು. ಇಥಿಯೋಪಿಯಾದ ಶಿಲುಬೆಗಳು. ನೈಜೀರಿಯಾದ ಬೆನಿನ್ ಅರಮನೆಯ ಎರಕದ ಫಲಕ, ತಲೆಗಳು. ಅದೇ ನೈಜೀರಿಯಾ ಕಡೆಯ ಯೊರುಬಾ ಜನರಲ್ಲಿ ಒಗ್ಬೊನಿ ಎಂಬ ಹಿರಿಯರ ಗುಟ್ಟಿನ ಸಂಘದ ಜೋಡಿ ಬೊಂಬೆಗಳು. ಹಳೇ ದಾಹೊಮೆ ರಾಜ್ಯದಲ್ಲಿ ಸತ್ತ ಹಿರಿಯರಿಗೆ ಎಡೆ ಇಡಲು ನೆಡುತ್ತಿದ್ದ ಆಸೆನ್ ಎಂಬ ಕಬ್ಬಿಣದ ಕಂಬಗಳು, ಮೇಲೆ ತಟ್ಟೆ, ತಟ್ಟೆಯ ಮೇಲೆ ಪುಟ್ಟ ಪುಟ್ಟ ಲೋಹದ ಆಕೃತಿಗಳು. ಕಾಂಗೋದ ಹಿತ್ತಾಳೆ ಶಿಲುಬೆಗಳು. ಸಹಾರಾದ ಟುವಾರೆಗ್ ಜನರ ಬೆಳ್ಳಿ ತಾಯತ.

ಮರವನ್ನು ಗೆದ್ದಲು ತಿನ್ನುತ್ತದೆ. ಲೋಹ ಉಳಿಯುತ್ತದೆ. ಉಳಿಯುವುದರಿಂದಲೇ ಅದರ ತಕರಾರುಗಳೂ ಜಾಸ್ತಿ, ಮುಂದೆ ಹೇಳುತ್ತೇನೆ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಆಕಾನ್ ಬಟ್ಟುಗಳಿಂದ. ಚಿಕ್ಕವು, ಅಂಗೈಯಲ್ಲಿ ನಾಲ್ಕೈದು ಕೂರುತ್ತವೆ. ಇವು ಪೂಜೆಗೆ ಅಂತ ಮಾಡಿದವಲ್ಲ, ಅಂಗಡಿಯ ತಕ್ಕಡಿಯ ಸಾಮಾನು. ಹಾಗಾಗಿ ಮನಸ್ಸಿಗೆ ಚುಚ್ಚುವುದು ಕಡಿಮೆ.

ಸುಮಾರು 1400ರಿಂದ 1900ರ ತನಕ ಆ ಕಡೆ ಚಿನ್ನದ ಪುಡಿಯೇ ದುಡ್ಡು. ಸಂತೆಗೆ ಹೋಗುವವನು ತನ್ನ ತಕ್ಕಡಿ, ಚಮಚ, ಚಿನ್ನದ ಡಬ್ಬಿ, ಬಟ್ಟುಗಳ ಗಂಟು ಎಲ್ಲ ಹೊತ್ತುಕೊಂಡು ಹೋಗಬೇಕು. ಕೊಡುವವನು ತನ್ನ ಬಟ್ಟಿನಲ್ಲಿ ತೂಗುತ್ತಾನೆ, ತೆಗೆದುಕೊಳ್ಳುವವನು ನಂಬದೆ ತನ್ನದರಲ್ಲಿ ಇನ್ನೊಮ್ಮೆ ತೂಗುತ್ತಾನೆ. ಆಮೇಲೆ ಜಗಳ. ನಮ್ಮ ಕೆ.ಆರ್. ಮಾರ್ಕೆಟ್ಟಿನ ದೃಶ್ಯವೇ ಅನ್ನಿ.

ನನಗೆ ಈ ಬಟ್ಟುಗಳ ಹುಚ್ಚು ಹಿಡಿಸಿದ್ದು ಒಂದು ಬೀಜ. ಬಟ್ಟಿನಷ್ಟೂ ತೂಗದ ಚಿಟಿಕೆ ಚಿನ್ನಕ್ಕೆ ಅವರು ಬೀಜಗಳನ್ನು ಬಳಸುತ್ತಿದ್ದರು. ಅದರಲ್ಲಿ ಒಂದಕ್ಕೆ ದಮ್ಮಾ ಅಂತ ಹೆಸರು. ಘಾನಾದ ಕುಮಾಸಿ ಊರಿನಲ್ಲಿ ಒಬ್ಬ ಮುದುಕ ವ್ಯಾಪಾರಿ ಡಬ್ಬಿ ತೆರೆದು ತೋರಿಸಿದ. ಕೆಂಪು ಮೈ, ಕಪ್ಪು ಚುಕ್ಕೆ. ಗುಲಗಂಜಿ! ನಮ್ಮ ಅಜ್ಜಿ ಅಕ್ಕಸಾಲಿಯ ಹತ್ತಿರ "ಎಷ್ಟು ಗುಲಗಂಜಿ ತೂಕ ಬಂತಪ್ಪಾ" ಅಂತ ಕೇಳುತ್ತಿದ್ದ ಅದೇ ಗುಲಗಂಜಿ. ನಾನು ಅಲ್ಲೇ ಕೂತುಬಿಟ್ಟೆ. ಆತ ಆ ದಿನ ನನಗೆ ಮೂರು ಬಟ್ಟು ಮಾರಿದ. ಮೂರರಲ್ಲಿ ಎರಡು ಹೊಸವು ಅಂತ ಆಮೇಲೆ ಗೊತ್ತಾಯಿತು, ಆ ಮಾತು ಬೇರೆ.

ಹಳೆಯ ಬಟ್ಟುಗಳಲ್ಲಿ ಬರೀ ಗೆರೆ, ಮೆಟ್ಟಿಲು, ಸುರುಳಿ. ಆಮೇಲಿನವುಗಳಲ್ಲಿ ಹಕ್ಕಿ, ಮೀನು, ಮೊಸಳೆ, ಕುಸ್ತಿ ಆಡುವವರು, ತಮಟೆ ಬಡಿಯುವವರು. ಎಷ್ಟೋ ಬಟ್ಟುಗಳ ಹಿಂದೆ ಒಂದೊಂದು ಗಾದೆ ಇರುತ್ತದೆ. ಕತ್ತು ಹಿಂದಕ್ಕೆ ತಿರುಗಿಸಿದ ಹಕ್ಕಿ ಸಂಕೋಫಾ, ಮರೆತು ಬಂದದ್ದನ್ನು ಹಿಂದಿರುಗಿ ತಂದುಕೊಂಡರೆ ತಪ್ಪಿಲ್ಲ ಅಂತ. ಒಂದೇ ಹೊಟ್ಟೆಗೆ ಅಂಟಿಕೊಂಡ ಎರಡು ಮೊಸಳೆ ಇನ್ನೊಂದು. ಹೊಟ್ಟೆ ಒಂದೇ ಆದರೂ ಗಂಟಲಿಗಾಗಿ ಕಚ್ಚಾಡುತ್ತವೆ. ಅಣ್ಣತಮ್ಮಂದಿರ ಆಸ್ತಿ ಜಗಳ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಅದರಲ್ಲಿ ಸ್ವಸ್ತಿಕ್ ಇದೆಯಲ್ಲ, ನಮ್ಮಿಂದ ಹೋಗಿದ್ದಾ?

ಈ ಪ್ರಶ್ನೆ ಕೇಳದೆ ಯಾರೂ ಮನೆಯಿಂದ ಹೊರಟಿಲ್ಲ. ಹೌದು, ಕೆಲವು ಬಟ್ಟುಗಳ ಮೇಲೆ ಸ್ವಸ್ತಿಕ್‌ನಂಥ ಗುರುತಿದೆ. ಆದರೆ ನಾಲ್ಕು ಗೆರೆ ಬಗ್ಗಿಸಿದರೆ ಯಾರು ಬೇಕಾದರೂ ಅಲ್ಲಿಗೆ ಬಂದು ತಲುಪುತ್ತಾರೆ. ಎಲ್ಲವೂ ನಮ್ಮಿಂದಲೇ ಹೋಗಬೇಕಾಗಿಲ್ಲ.

ಇವನ್ನು ಹೇಗೆ ಮಾಡುತ್ತಿದ್ದರು?

ಮೇಣದ ಎರಕ. ನಮ್ಮಲ್ಲೂ ವಿಗ್ರಹ ಎರಕ ಹೊಯ್ಯುವವರು ಹೀಗೇ ಮಾಡುತ್ತಾರೆ. ಜೇನುಮೇಣದಲ್ಲಿ ಮೊದಲು ಆಕೃತಿ ಮಾಡಿಕೊಳ್ಳಬೇಕು. ಅದರ ಮೇಲೆ ಇದ್ದಿಲ ಪುಡಿ ಬೆರೆಸಿದ ನುಣ್ಣನೆ ಮಣ್ಣು ಬಳಿಯಬೇಕು, ಒಣಗಿಸಬೇಕು, ಮತ್ತೆ ಬಳಿಯಬೇಕು. ಬೆಂಕಿಗಿಟ್ಟರೆ ಮೇಣ ಕರಗಿ ಹೊರಗೆ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಾದ ಹಿತ್ತಾಳೆ ಹೊಯ್ಯಬೇಕು. ತಣಿದ ಮೇಲೆ ಅಚ್ಚು ಒಡೆಯಬೇಕು. ಅಚ್ಚು ಒಡೆದರೆ ಮುಗಿಯಿತು, ಅದೇ ಥರದ್ದು ಇನ್ನೊಂದು ಬರುವುದಿಲ್ಲ.

ಆಕಾನರ ಒಂದು ಜಾಣತನ ನನಗೆ ತುಂಬಾ ಇಷ್ಟ. ಕೆಲವು ಸಲ ಮೇಣದ ಗೊಡವೆಯೇ ಇಲ್ಲ. ನಿಜವಾದ ನೆಲಗಡಲೆಯನ್ನೋ ದುಂಬಿಯನ್ನೋ ಏಡಿಯ ಕೊಂಡಿಯನ್ನೋ ನೇರವಾಗಿ ಮಣ್ಣಲ್ಲಿ ಮುಚ್ಚಿ ಸುಡುವುದು. ಒಳಗಿನದು ಬೂದಿಯಾಗುತ್ತದೆ, ಆ ಜಾಗಕ್ಕೆ ಹಿತ್ತಾಳೆ. ನನ್ನ ಹತ್ತಿರ ಅಂಥ ಒಂದು ಕಡಲೆಕಾಯಿ ಇದೆ. ಸಿಪ್ಪೆಯ ಮೇಲಿನ ಜಾಲರಿ ಗೆರೆ ಒಂದೂ ಬಿಡದೆ ಬಂದಿದೆ, ತೊಟ್ಟಿನ ಹತ್ತಿರ ಸಣ್ಣ ಹುಳು ಕೊರೆದ ತೂತೂ ಇದೆ. ಹುಳುಕು ಕಡಲೆಕಾಯಿ ಯಾವತ್ತೋ ಬೂದಿಯಾಯಿತು. ತೂತು ಮಾತ್ರ ಉಳಿಯಿತು.

ಕೆಲವು ಬಟ್ಟುಗಳ ಕೆಳಗೆ ಸೀಸ ತುಂಬಿರುವುದನ್ನು ನೋಡುತ್ತೀರಿ, ಅಥವಾ ಹಕ್ಕಿಯ ಬಾಲವನ್ನೇ ಮುರಿದಿರುತ್ತಾರೆ. ಅದು ಪೆಟ್ಟು ಬಿದ್ದದ್ದಲ್ಲ. ತೂಕ ಸರಿಹೊಂದಿಸಿದ್ದು. ನನ್ನ ಕಣ್ಣಿಗೆ ಅಂಥ ಬಟ್ಟೇ ಜಾಸ್ತಿ ಬೆಲೆಯದು, ಯಾರೋ ನಿಜವಾಗಿ ಬಳಸಿದ್ದಾರೆ ಅಂತ ಗೊತ್ತಾಗುತ್ತದಲ್ಲ.

ಬಟ್ಟು ಬಿಟ್ಟರೆ ಕೈಗೆಟಕುವಂಥದ್ದು ಬೇರೆ ಏನಿದೆ?

ಹಳೇ ದುಡ್ಡು. ಮನಿಲ್ಲಾ ಅಂತ ಕುದುರೆ ಲಾಳದ ಆಕಾರದ ಕಡಗಗಳು ಸಿಗುತ್ತವೆ. ಪೋರ್ಚುಗೀಸರು ಶುರು ಮಾಡಿದ್ದು, ಆಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೂ ರಾಶಿ ರಾಶಿ ಎರಕ ಹೊಯ್ದರು. ನೈಜೀರಿಯಾದಲ್ಲಿ ಬ್ರಿಟಿಷರು 1948ರಲ್ಲಿ ಇವನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಂಡಾಗ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಸಿಕ್ಕಿ ಗುಜರಿಗೆ ಹೋದವು. ಆದ್ದರಿಂದಲೇ ಇವತ್ತಿಗೂ ಅಗ್ಗ. ಆದರೆ ಏನು ಕೊಳ್ಳುತ್ತಿದ್ದೀರಿ ಅಂತ ತಿಳಿದಿರಲಿ. ಈ ಕಡಗಗಳನ್ನು ಎಣಿಸಿಕೊಟ್ಟು ಮನುಷ್ಯರನ್ನು ಕೊಂಡು ಹಡಗು ಹತ್ತಿಸುತ್ತಿದ್ದರು. ನನ್ನ ಹತ್ತಿರ ಎರಡಿವೆ. ನೆಂಟರ ಮಗಳೊಬ್ಬಳು "ಚೆನ್ನಾಗಿದೆ ಅಂಕಲ್" ಅಂತ ಕೈಗೆ ಹಾಕಿಕೊಳ್ಳಲು ಹೋದಳು. ಬೇಡಮ್ಮ ಅಂದೆ.

ಕಾಂಗೋದ ಕಟಾಂಗಾ ಕಡೆಯ ತಾಮ್ರದ ಶಿಲುಬೆ ಇನ್ನೊಂದು. ಹೆಸರಿಗೆ ಶಿಲುಬೆ, ಧರ್ಮಕ್ಕೂ ಅದಕ್ಕೂ ಸಂಬಂಧ ಇಲ್ಲ, ತಾಮ್ರದ ಗಟ್ಟಿ ಅಷ್ಟೇ. 1960ರಲ್ಲಿ ಕಟಾಂಗಾ ಬೇರೆ ದೇಶ ಅಂತ ಘೋಷಿಸಿಕೊಂಡಾಗ ಬಾವುಟದ ಮೇಲೂ ಇದನ್ನೇ ಹಾಕಿಕೊಂಡರು.

ಸಿಯೆರಾ ಲಿಯೋನ್, ಲೈಬೀರಿಯಾ, ಗಿನಿ ಕಡೆಯ ಕಿಸ್ಸಿ ಪೆನ್ನಿ ಅಂದರೆ ತಿರುಚಿದ ಕಬ್ಬಿಣದ ಕಡ್ಡಿ. ಒಂದು ತುದಿಗೆ ಕಿವಿ, ಇನ್ನೊಂದಕ್ಕೆ ಪಾದ. ಅದು ಮುರಿದರೆ ಒಳಗಿನ ಜೀವ ಹಾರಿಹೋಗುತ್ತದೆ, ಮತ್ತೆ ಶಾಸ್ತ್ರ ಮಾಡಿ ಜೋಡಿಸುವ ತನಕ ದುಡ್ಡಾಗಿ ನಡೆಯುವುದಿಲ್ಲ ಅಂತ ನಂಬಿಕೆ. ಹರಿದ ನೋಟನ್ನು ಬ್ಯಾಂಕಿಗೆ ಒಯ್ದು ಬದಲಾಯಿಸಿದ ಹಾಗೆ ಅಂದುಕೊಳ್ಳಿ, ಪೂಜೆಯೂ ಸೇರಿ.

ಇಥಿಯೋಪಿಯಾದ ಶಿಲುಬೆಗಳ ಬಗ್ಗೆ ಹೇಳಿ.

ಮುಖ್ಯವಾಗಿ ಮೂರು ಬಗೆ. ಮೆರವಣಿಗೆಯಲ್ಲಿ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿಯುವ ದೊಡ್ಡವು. ಪಾದ್ರಿ ಕೈಯಲ್ಲಿ ಹಿಡಿಯುವವು. ಕುತ್ತಿಗೆಗೆ ಕಟ್ಟಿಕೊಳ್ಳುವ ಚಿಕ್ಕವು.

ದೊಡ್ಡದರ ಬುಡದಲ್ಲಿ ಕೋಲು ಕೂರಲು ಕೊಳವೆ ಇರುತ್ತದೆ. ಅದರ ಎರಡು ಪಕ್ಕ ಕಿವಿಯ ಥರ ಎರಡು ಬಳೆ. ಅಲಂಕಾರಕ್ಕೆ ಅಲ್ಲ, ಬಣ್ಣದ ವಸ್ತ್ರ ಪೋಣಿಸಲು. ಕೈ ಶಿಲುಬೆಯನ್ನು ಪಾದ್ರಿ ಯಾವಾಗಲೂ ಜೊತೆಯಲ್ಲೇ ಇಟ್ಟುಕೊಂಡಿರುತ್ತಾರೆ. ದಾರಿಯಲ್ಲಿ ಎದುರಾದವರು ಬಗ್ಗಿ ಅದಕ್ಕೆ ಮುತ್ತಿಡುತ್ತಾರೆ, ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ನೂರಾರು ವರ್ಷ ಹೀಗಾದರೆ ಗೆರೆಗಳೆಲ್ಲ ಸವೆದು ಸೋಪಿನ ಬಿಲ್ಲೆ ಥರ ನುಣ್ಣಗಾಗುತ್ತದೆ. ದೇವಸ್ಥಾನದ ಹೊಸ್ತಿಲು ಸವೆದಿರುತ್ತದಲ್ಲ, ಹಾಗೆ. ಆ ಸವಕಲನ್ನು ನಕಲು ಮಾಡುವುದು ಕಷ್ಟ, ಆದರೂ ಮಾಡುತ್ತಾರೆ.

ಕುತ್ತಿಗೆಯ ಬೆಳ್ಳಿ ಶಿಲುಬೆಗಳ ಕಥೆ ಮಜವಾಗಿದೆ. ಬೆಳ್ಳಿ ಎಲ್ಲಿಂದ ಬಂತು? ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾಳ ಮುಖ ಇರುವ ಥಾಲರ್ ನಾಣ್ಯದಿಂದ. ಕಾಫಿ ಮಾರಿ ಆ ನಾಣ್ಯ ತೆಗೆದುಕೊಳ್ಳುತ್ತಿದ್ದರು. ಸುಮಾರು 28 ಗ್ರಾಂ ತೂಕ, ಅದರಲ್ಲಿ ಬೆಳ್ಳಿ ಶೇಕಡಾ 83. ಅಕ್ಕಸಾಲಿ ಅದನ್ನೇ ಕರಗಿಸಿಯೋ ತಟ್ಟಿಯೋ ಶಿಲುಬೆ ಮಾಡುತ್ತಿದ್ದ. ಅಂಗಡಿಯವನು "ನೋಡಿ ಸಾರ್, ಅಂಚಲ್ಲಿ ನಾಣ್ಯದ ಗುರುತು ಕಾಣ್ತಿದೆ, 1780" ಅಂದರೆ ಹಿಗ್ಗಬೇಡಿ. ರಾಣಿ ಸತ್ತದ್ದು 1780ರಲ್ಲಿ. ಆಮೇಲೆ ಎಷ್ಟೇ ನಾಣ್ಯ ಹೊಡೆದರೂ ಅದೇ ಇಸವಿ ಹಾಕಿದರು, 20ನೇ ಶತಮಾನದಲ್ಲೂ.

ಇಥಿಯೋಪಿಯಾದವು ಲಂಡನ್ನಿನಲ್ಲಿ ಯಾಕೆ ಅಷ್ಟೊಂದಿವೆ?

1868. ಚಕ್ರವರ್ತಿ ಟೆವೊಡ್ರೊಸ್ ಕೆಲವು ಯುರೋಪಿಯನ್ನರನ್ನು ಸೆರೆಯಲ್ಲಿಟ್ಟ. ಬಿಡಿಸಿಕೊಳ್ಳಲು ಬ್ರಿಟಿಷರು ಜನರಲ್ ನೇಪಿಯರ್ ಕೈಕೆಳಗೆ ಸೈನ್ಯ ಕಳಿಸಿದರು. ಆ ಸೈನ್ಯ ಹೊರಟಿದ್ದು ಲಂಡನ್ನಿಂದ ಅಲ್ಲ, ಬೊಂಬಾಯಿಯಿಂದ. ಆನೆಗಳೂ ಇಲ್ಲಿಂದಲೇ ಹಡಗು ಹತ್ತಿದವು, 44 ಆನೆ. ದಾರಿ ಮಾಡಿಕೊಟ್ಟವರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ದಳದವರೂ ಇದ್ದರು. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ಇವತ್ತಿಗೂ ಅಬಿಸೀನಿಯಾ ಅಂತ ಇದೆ, ಇಥಿಯೋಪಿಯಾದ ಹಳೇ ಹೆಸರು ಅದು. ಆ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡಿದವನು ನಾನು, ಇದು ಗೊತ್ತಾಗಿದ್ದು ಮಾತ್ರ ಆಡಿಸ್ ಅಬಾಬಾದಲ್ಲಿ ಒಬ್ಬ ಗೈಡ್ ಬಾಯಿಂದ. "ಓ, ನೀವು ಆ ಆನೆಗಳ ಕಡೆಯವರಾ?" ಅಂದ.

ಟೆವೊಡ್ರೊಸ್ ಗುಂಡು ಹೊಡೆದುಕೊಂಡು ಸತ್ತ. ಅವನ ಮಕ್ದಲಾ ಕೋಟೆ, ಅಲ್ಲಿನ ಚರ್ಚ್ ಎರಡನ್ನೂ ಬ್ರಿಟಿಷರು ದೋಚಿದರು. ಲೂಟಿ ಸಾಗಿಸಲು 15 ಆನೆ, ಸುಮಾರು 200 ಹೇಸರಗತ್ತೆ ಬೇಕಾಯಿತಂತೆ. ಚಿನ್ನದ ಕಿರೀಟ, ಬಟ್ಟಲು, ಶಿಲುಬೆ, ಹಸ್ತಪ್ರತಿ. ಜೊತೆಗೆ ತಾಬೋತ್‌ಗಳು. ತಾಬೋತ್ ಅಂದರೆ ಚರ್ಚಿನ ಗರ್ಭಗುಡಿಯೊಳಗೆ ಇಡುವ ಪವಿತ್ರ ಫಲಕ, ಪಾದ್ರಿಗಳು ಬಿಟ್ಟು ಯಾರೂ ಅದನ್ನು ನೋಡುವಂತಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಂಥವು 11 ಇವೆ. ಮುಚ್ಚಿಟ್ಟಿದ್ದಾರೆ, ಪ್ರದರ್ಶನಕ್ಕೆ ಇಡುವುದಿಲ್ಲ, ಮ್ಯೂಸಿಯಂ ಸಿಬ್ಬಂದಿಯೂ ನೋಡುವುದಿಲ್ಲ. ಯಾರೂ ನೋಡದ ವಸ್ತುವನ್ನು ಮ್ಯೂಸಿಯಂ ಯಾಕೆ ಇಟ್ಟುಕೊಂಡಿದೆ ಅಂತ ನನ್ನನ್ನು ಕೇಳಬೇಡಿ.

ಬೆನಿನ್ ಕಂಚು ಕೊಳ್ಳಬಹುದಾ?

ಹಳೆಯದಾದರೆ ಬೇಡ. ಹೊಸದಾದರೆ ಧಾರಾಳವಾಗಿ ಕೊಳ್ಳಿ.

ಮೊದಲು ಎರಡು ಗೊಂದಲ ಬಿಡಿಸುತ್ತೇನೆ. ಬೆನಿನ್ ರಾಜ್ಯ ಇದ್ದದ್ದು ಈಗಿನ ನೈಜೀರಿಯಾದಲ್ಲಿ. ಪಕ್ಕದ ಬೆನಿನ್ ದೇಶ ಅಂದರೆ ಹಳೇ ದಾಹೊಮೆ, 1975ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಮತ್ತೆ, ಕಂಚು ಅಂತ ಕರೆದರೂ ಹೆಚ್ಚಿನವು ಕಂಚಲ್ಲ, ಸೀಸ ಬೆರೆತ ಹಿತ್ತಾಳೆ. ಆ ಹಿತ್ತಾಳೆಯ ಮೂಲ ಏನು ಅಂತ ಬಹಳ ದಿನ ಚರ್ಚೆ ಇತ್ತು. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹಡಗು ಮುಳುಗಿದ ಕಡೆ ಸಿಕ್ಕ ಮನಿಲ್ಲಾಗಳನ್ನೆಲ್ಲ ಪರೀಕ್ಷಿಸಿ, ಲೋಹ ಜರ್ಮನಿಯ ರೈನ್ ನದಿ ಕಡೆಯ ಗಣಿಗಳದ್ದು ಅಂತ ತೋರಿಸಿತು. ಅಂದರೆ ಮನುಷ್ಯರನ್ನು ಕೊಂಡ ಕಡಗವೇ ಕರಗಿ ರಾಜನ ಫಲಕವಾಯಿತು.

1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಪಡೆ ಬೆನಿನ್ ಊರಿಗೆ ನುಗ್ಗಿತು. ಊರು ಸುಟ್ಟಿತು. ರಾಜ ಒಬಾ ಒವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು. ಸಾವಿರಾರು ವಸ್ತುಗಳು ಯುರೋಪಿಗೆ ಹೋದವು. 2022ರಲ್ಲಿ ಶುರುವಾದ ಡಿಜಿಟಲ್ ಬೆನಿನ್ ಪಟ್ಟಿಯಲ್ಲಿ 20 ದೇಶಗಳ ಮ್ಯೂಸಿಯಂಗಳಲ್ಲಿರುವ 5,000ಕ್ಕೂ ಹೆಚ್ಚು ವಸ್ತುಗಳಿವೆ. ಅದೇ ವರ್ಷ ಜರ್ಮನಿ 1,000ಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಗೆ ಬಿಟ್ಟುಕೊಡಲು ಒಪ್ಪಿತು, ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 72ರ ಒಡೆತನ ಬಿಟ್ಟುಕೊಟ್ಟಿತು. ದೊಡ್ಡ ದೊಡ್ಡ ಮ್ಯೂಸಿಯಂಗಳೇ ವಾಪಸ್ ಕೊಡುತ್ತಿರುವಾಗ ನೀವು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದು ಯಾವ ಬುದ್ಧಿವಂತಿಕೆ? ಅದೂ ಅಲ್ಲದೆ ನಿಮ್ಮ ಮುಂದೆ ಮಾರಾಟಕ್ಕೆ ಬರುವುದು ನೂರಕ್ಕೆ ತೊಂಬತ್ತೊಂಬತ್ತು ನಕಲಿ.

ಆದರೆ ಬೆನಿನ್ ಊರಿನ ಇಗುನ್ ಬೀದಿಯಲ್ಲಿ ಎರಕದವರ ಮನೆತನಗಳು ಇವತ್ತಿಗೂ ಕೆಲಸ ಮಾಡುತ್ತಿವೆ. ಹಳೇ ನಲ್ಲಿ, ಕಾರಿನ ಬಿಡಿಭಾಗ ಕರಗಿಸಿ ಎರಕ ಹೊಯ್ಯುತ್ತಾರೆ. ಹೊಸದು ಅಂತ ಹೇಳಿಯೇ ಮಾರುತ್ತಾರೆ. ಕೊಳ್ಳಿ, ರಸೀದಿ ಇಟ್ಟುಕೊಳ್ಳಿ, ನೆಮ್ಮದಿಯಾಗಿ ಮಲಗಿ.

ಪೂಜೆಯ ವಸ್ತು ಮನೆಯಲ್ಲಿ ಇಟ್ಟುಕೊಳ್ಳೋದು ಸರಿನಾ?

ಇಲ್ಲಿ ನಾನು ಸ್ವಲ್ಪ ಖಡಕ್ಕು. ವಸ್ತು ಎಷ್ಟು ಹಳೆಯದು, ಎಷ್ಟು ಚಂದ ಅನ್ನುವುದು ಆಮೇಲೆ. ಮೊದಲ ಪ್ರಶ್ನೆ, ಅದರ ಯಜಮಾನರ ಕೈಯಿಂದ ಅದು ಹೇಗೆ ಬಿಟ್ಟುಬಂತು? ಕೊಟ್ಟರಾ, ಮಾರಿದರಾ, ಕದ್ದರಾ, ಹೆದರಿಸಿ ಕಿತ್ತುಕೊಂಡರಾ?

ನಮ್ಮ ಕಡೆಯ ಉದಾಹರಣೆ ತೆಗೆದುಕೊಳ್ಳಿ. ತುಳುನಾಡಿನ ಭೂತದ ಮುಖವಾಡಗಳು ದೊಡ್ಡ ಊರಿನ ಅಂಗಡಿಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ ಇರುವುದನ್ನು ನೋಡಿದ್ದೀರಲ್ಲ? ಗೋಡೆಯ ಮೇಲೆ ಸ್ಪಾಟ್‌ಲೈಟ್ ಹಾಕಿ ಇಟ್ಟಿರುತ್ತಾರೆ. ಅದನ್ನು ನೋಡಿದಾಗ ಮಂಗಳೂರು ಕಡೆಯವರಿಗೆ ಹೊಟ್ಟೆಯಲ್ಲಿ ಏನಾಗುತ್ತದೋ ಒಗ್ಬೊನಿಯ ಎಡಾನ್ ನೋಡಿದಾಗ ಯೊರುಬಾ ಹಿರಿಯರಿಗೂ ಅದೇ ಆಗುತ್ತದೆ. ಎಡಾನ್ ಅಂದರೆ ಗಂಡು ಹೆಣ್ಣು ಎರಡು ಹಿತ್ತಾಳೆ ಬೊಂಬೆ, ಒಳಗೆ ಕಬ್ಬಿಣದ ಮೊಳೆ, ತಲೆಯಿಂದ ತಲೆಗೆ ಸರಪಣಿ. ಸಂಘದ ಸದಸ್ಯರ ಗುರುತು ಅದು, ಸಂಘದ ಮಾತು ಹೊರಗೆ ಹೋಗುವಂತಿಲ್ಲ. ಸರಪಣಿ ಕತ್ತರಿಸಿ ಬರೀ ಹೆಣ್ಣು ಬೊಂಬೆ ಮಾರುವವರನ್ನೂ ನೋಡಿದ್ದೇನೆ. ಅರ್ಧ ದಾಂಪತ್ಯ!

ಎಲ್ಲವೂ ಕದ್ದದ್ದೇ ಅಂತ ನಾನು ಹೇಳುವುದಿಲ್ಲ. ಧರ್ಮ ಬದಲಾಯಿಸಿದ ಮನೆಯವರು ತಾವೇ ಮಾರಿದ್ದೂ ಉಂಟು, ಹಾಳಾದ್ದನ್ನು ಬಿಸಾಕಿದ್ದೂ ಉಂಟು. ಆದರೆ ಇಥಿಯೋಪಿಯಾದ ಲಾಲಿಬೆಲಾ ಊರಿನ ಮೆಧಾನೆ ಆಲೆಮ್ ಚರ್ಚಿನ ಹೆಸರಾಂತ ಶಿಲುಬೆ 1997ರಲ್ಲಿ ಕಳುವಾಯಿತು. ಕೊನೆಗೆ ಸಿಕ್ಕಿದ್ದು ಬೆಲ್ಜಿಯಂನಲ್ಲಿ, ದುಡ್ಡು ಕೊಟ್ಟು ಕೊಂಡವರ ಹತ್ತಿರ. ಈಗ ಚರ್ಚಿಗೆ ವಾಪಸ್ ಬಂದಿದೆ, ಪಾದ್ರಿಗಳು ಅದರಲ್ಲೇ ಆಶೀರ್ವಾದ ಮಾಡುತ್ತಾರೆ. ಕೊಂಡವರು ಕಳ್ಳರಲ್ಲ ಇರಬಹುದು. ಕೊಳ್ಳುವವರು ಇದ್ದಾರೆ ಅಂತಲೇ ಅಲ್ವಾ ಕಳ್ಳ ಚರ್ಚಿಗೆ ನುಗ್ಗಿದ್ದು?

ಮನೆಯಲ್ಲಿಟ್ಟರೆ ಕೆಟ್ಟದಾಗುತ್ತಾ? ಮಾಟ ಗೀಟ?

ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ. ಒಂದು ಸಲ ಕಬ್ಬಿಣದ ಆಸೆನ್ ಕಾಲಿನ ಮೇಲೆ ಬಿದ್ದು ಹೆಬ್ಬೆರಳು ಬಾತುಕೊಂಡಿತು. ಅಷ್ಟೇ.

ತಮಾಷೆ ಬಿಟ್ಟರೆ, ಕಬ್ಬಿಣವನ್ನು ದೇವರು ಅಂತ ನೋಡುವುದು ನಮಗೆ ಹೊಸದೇನಲ್ಲ. ಯೊರುಬಾ ಜನರಿಗೆ ಓಗುನ್ ಕಬ್ಬಿಣದ ದೇವರು. ಕಮ್ಮಾರರು ಮಾತ್ರ ಅಲ್ಲ, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಎಲ್ಲರೂ ನಡೆದುಕೊಳ್ಳುತ್ತಾರೆ. ಕೋರ್ಟಿನಲ್ಲಿ ಬೈಬಲ್, ಕುರಾನ್ ಬದಲು ಕಬ್ಬಿಣದ ತುಂಡು ಮುಟ್ಟಿ ಪ್ರಮಾಣ ಮಾಡುವವರೂ ಇದ್ದಾರೆ. ಆಯುಧಪೂಜೆ ದಿನ ಸ್ಕೂಟರಿಗೆ ನಿಂಬೆಹಣ್ಣು ಇಡುವ ನಾವು ಅದನ್ನು ನೋಡಿ ಮಾಟ ಅನ್ನಬಾರದು.

ಟುವಾರೆಗ್ ಶಿಲುಬೆ ಕ್ರಿಶ್ಚಿಯನ್ನರದ್ದಾ?

ಅಲ್ಲ. ಟುವಾರೆಗ್ ಜನ ಮುಸ್ಲಿಮರು. ನೈಜರ್ ದೇಶದ ಅಗಾಡೆಜ್ ಕಡೆಯ ಬೆಳ್ಳಿ ಪದಕಕ್ಕೆ ಶಿಲುಬೆ ಅಂತ ಹೆಸರಿಟ್ಟವರು ಹೊರಗಿನವರು. ಅವರ ಚೌಕ ಡಬ್ಬಿ ಇನ್ನೊಂದಿದೆ, ಒಳಗೆ ಕುರಾನ್ ಸಾಲು ಬರೆದ ಚೀಟಿ. ನಮ್ಮ ತಾಯತವೇ. ಡಬ್ಬಿಯನ್ನು ಒಡೆದು ಚೀಟಿ ನೋಡುವ ಚಪಲ ಬೇಡ.

ನಕಲಿ ಅಂತ ಕಂಡುಹಿಡಿಯೋದು ಹೇಗೆ?

ಮೊದಲು ಒಂದು ಮಾತು. ನಕಲು ಬೇರೆ, ಮೋಸ ಬೇರೆ. ಕ್ಯಾಮರೂನ್‌ನ ಫುಂಬಾನ್ ಊರಿನಲ್ಲಿ ಎರಕದ ಕೆಲಸ ಜೋರಾಗಿ ನಡೆಯುತ್ತದೆ, ಕೈಚಳಕ ಅದ್ಭುತ. ಅದನ್ನು 300 ವರ್ಷ ಹಳೆಯದು ಅಂದಾಗ ಮೋಸ.

ನಾನು ನೋಡುವುದು ಹೀಗೆ. ಸವಕಲು ಎಲ್ಲಿದೆ? ಕೈ ಮುಟ್ಟುವ ಕಡೆ, ದಾರ ಉಜ್ಜುವ ಕಡೆ, ತುಟಿ ತಾಗುವ ಕಡೆ ಸವೆದಿರಬೇಕು. ಸಂದಿಗೊಂದಿಯಲ್ಲಿ ಗೆರೆ ಚೂಪಾಗಿಯೇ ಉಳಿದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಯಂತ್ರದಲ್ಲಿ ಉಜ್ಜಿದ್ದು. ನೇತುಹಾಕುವ ಬಳೆಯ ಒಳಭಾಗ ನೋಡಿ. ನಿಜವಾಗಿ ವರ್ಷಗಟ್ಟಲೆ ನೇತಾಡಿದ್ದರೆ ಮೇಲ್ಗಡೆ ಮಾತ್ರ ತೆಳ್ಳಗಾಗಿರುತ್ತದೆ. ಇದನ್ನು ನಕಲಿ ಮಾಡುವವರು ಮರೆತುಬಿಡುತ್ತಾರೆ.

ಕಿಲುಬು ನೋಡಿ. ಹಳೇ ಕಿಲುಬು ಲೋಹದ ಜೊತೆಗೇ ಬೆಳೆದಿರುತ್ತದೆ, ಉಗುರಲ್ಲಿ ಕೆರೆದರೆ ಬರುವುದಿಲ್ಲ. ಆಸಿಡ್ ಹಾಕಿ ಮಣ್ಣಲ್ಲಿ ಹೂತು ತೆಗೆದದ್ದು ಪುಡಿಪುಡಿಯಾಗಿ ಉದುರುತ್ತದೆ. ಮೂಗಿನ ಹತ್ತಿರ ಹಿಡಿಯಿರಿ, ಬೂಟ್ ಪಾಲಿಶ್ ವಾಸನೆ ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಾನು ಮೋಸ ಹೋದ ಆ ಎರಡು ಬಟ್ಟುಗಳಲ್ಲಿ ಒಂದನ್ನು ಬಿಸಿನೀರಿಗೆ ಹಾಕಿದೆ, ಕಪ್ಪು ಬಣ್ಣ ಚಹಾದ ಡಿಕಾಕ್ಷನ್ ಥರ ಬಿಟ್ಟುಕೊಂಡಿತು.

ಬಟ್ಟಾದರೆ ತೂಗಿ ನೋಡಿ. ಪ್ರವಾಸಿಗಳಿಗೆ ಮಾಡಿದವು ಸುಮ್ನೆ ದೊಡ್ಡದಾಗಿರುತ್ತವೆ. ಅಂಗೈಯಗಲದ ಬಟ್ಟಿನಷ್ಟು ಚಿನ್ನ ಯಾರಪ್ಪ ದಿನಾ ತೂಗುತ್ತಿದ್ದ?

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬಹುದಾ?

ಮಾಡಿಸಬಹುದು. ಎಕ್ಸ್‌ರೇ ಯಂತ್ರ ಹಿಡಿದರೆ ತಾಮ್ರ, ಸತು, ಸೀಸ ಎಷ್ಟೆಷ್ಟಿದೆ ಅಂತ ಬರುತ್ತದೆ. ಹಳೇ ಯುರೋಪಿನ ವಿಧಾನದಲ್ಲಿ ಹಿತ್ತಾಳೆಗೆ ಸತು ಸುಮಾರು ಶೇಕಡಾ 30ಕ್ಕಿಂತ ಜಾಸ್ತಿ ಸೇರುವುದು ಕಷ್ಟ. 16ನೇ ಶತಮಾನದ್ದು ಅಂತ ಕೊಟ್ಟದ್ದರಲ್ಲಿ ಶೇಕಡಾ 38 ಬಂದರೆ ಅನುಮಾನ ಪಡಿ. ಟೊಳ್ಳು ಎರಕವಾದರೆ ಒಳಗೆ ಉಳಿದ ಮಣ್ಣನ್ನು ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಗೆ ಕಳಿಸಬಹುದು, ಆ ಮಣ್ಣು ಕೊನೆಯ ಸಲ ಬೆಂಕಿ ಕಂಡಿದ್ದು ಯಾವಾಗ ಅಂತ ಹೇಳುತ್ತದೆ. ಆದರೆ ಲ್ಯಾಬಿನ ಖರ್ಚು ವಸ್ತುವಿನ ಬೆಲೆಗಿಂತ ಜಾಸ್ತಿ ಆಗಬಾರದು, ಅಲ್ವಾ?

ತೊಳೆದು ಪಾಲಿಶ್ ಮಾಡಬಹುದಾ?

ಬೇಡ. ಬೇಡವೇ ಬೇಡ.

ನಮ್ಮಮ್ಮ ಒಂದು ಸಲ ದೀಪಾವಳಿಗೆ ಮನೆ ತೊಳೆಯುವಾಗ ದೇವರ ದೀಪಗಳ ಜೊತೆಗೆ ನನ್ನ ಒಂದು ಬಟ್ಟನ್ನೂ ತೆಗೆದುಕೊಂಡು ಹೋಗಿ ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಿಬಿಟ್ಟರು. ಸಂಜೆ ಬಂದು ನೋಡುತ್ತೇನೆ, ಸಂಕೋಫಾ ಹಕ್ಕಿ ಹೊಸ ನಲ್ಲಿಯ ಥರ ಫಳಫಳ. ನೂರೈವತ್ತು ವರ್ಷದ ಬೆವರು, ಎಣ್ಣೆ, ಕಿಲುಬು ಎಲ್ಲ ಸಿಂಕಿನಲ್ಲಿ ಹೋಯಿತು. "ಎಷ್ಟು ಕೊಳೆ ಇತ್ತೋ ಮಾರಾಯ" ಅಂದರು ಅಮ್ಮ. ನಾನು ಏನೂ ಹೇಳಲಿಲ್ಲ. ಆ ಹಕ್ಕಿ ಈಗ ದೇವರ ಮನೆಯಲ್ಲೇ ಇದೆ, ಗಂಟೆಯ ಪಕ್ಕ.

ಒಣ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು. ತಿಳಿ ಹಸಿರು ಪುಡಿ ಹಿಟ್ಟಿನ ಥರ ಕಾಣಿಸಿಕೊಂಡು, ಒರೆಸಿದರೂ ಮತ್ತೆ ಬರುತ್ತಿದ್ದರೆ ಅದು ರೋಗ. ಉಪ್ಪಿನಂಶ ಲೋಹವನ್ನು ತಿನ್ನುತ್ತಿರುತ್ತದೆ. ಅದನ್ನು ಬೇರೆಯವುಗಳಿಂದ ದೂರ ಇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಒಣ ಡಬ್ಬಿಯಲ್ಲಿ ಮುಚ್ಚಿ, ಗೊತ್ತಿರುವವರಿಗೆ ತೋರಿಸಿ. ಕಬ್ಬಿಣಕ್ಕೆ ಮಳೆಗಾಲವೇ ಶತ್ರು. ಕರಾವಳಿಯಲ್ಲಿರುವವರು ಕಬ್ಬಿಣದ ವಸ್ತು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ, ಧೂಳು ಕೂತು ಅಂಟಂಟಾಗುತ್ತದೆ.

ಕಾಗದಪತ್ರ ಏನೇನು ಬೇಕು?

ಘಾನಾದಿಂದ ಹಳೇ ವಸ್ತು ತರುವುದಾದರೆ ಅಲ್ಲಿನ ಮ್ಯೂಸಿಯಂ ಮಂಡಳಿಯ ಅನುಮತಿ ಬೇಕು. ಇಥಿಯೋಪಿಯಾ ಇನ್ನೂ ಬಿಗಿ, ಹೊಸ ಶಿಲುಬೆಯಾದರೂ ಹಳೆಯದರ ಥರ ಕಂಡರೆ ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸುತ್ತಾರೆ, ಪತ್ರ ಕೇಳುತ್ತಾರೆ. ಎಲ್ಲ ಕಡೆ ಆಧಾರವಾಗಿ ಹಿಡಿಯುವುದು 1970ರ ಯುನೆಸ್ಕೊ ಒಪ್ಪಂದ. ಆ ವರ್ಷಕ್ಕಿಂತ ಮುಂಚೆಯೇ ವಸ್ತು ಆಫ್ರಿಕಾದಿಂದ ಹೊರಗೆ ಬಂದಿತ್ತು ಅನ್ನುವುದಕ್ಕೆ ಹಳೇ ರಸೀದಿಯೋ ಫೋಟೋವೋ ಹರಾಜಿನ ಪಟ್ಟಿಯೋ ಕೇಳಿ. "ಒಬ್ಬ ಮಿಷನರಿ ಮನೆಯಿಂದ ಬಂತು" ಅನ್ನುವುದು ದಾಖಲೆಯಲ್ಲ, ಕಥೆ.

ದಂತ, ಚಿರತೆ ಹಲ್ಲು, ಚರ್ಮ ಅಂಟಿದ್ದು ಯಾವುದೂ ಬೇಡ. ಇಲ್ಲಿ ವನ್ಯಜೀವಿ ಕಾಯ್ದೆ ಇದೆ, ಜೈಲು ಇದೆ. ಭಾರತದಿಂದ ಮತ್ತೆ ಹೊರಗೆ ಒಯ್ಯುವಾಗಲೂ ಎಚ್ಚರ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ವಸ್ತುವನ್ನು ಹಾಗೆಲ್ಲ ಹೊರಗೆ ಬಿಡುವುದಿಲ್ಲ. ತಂದಾಗಿನ ಕಸ್ಟಮ್ಸ್ ಕಾಗದವನ್ನು ಜೋಪಾನ ಮಾಡಿ.

ಬೆಲೆ ಎಷ್ಟಾಗುತ್ತೆ? ಲಾಭಕ್ಕೆ ಮಾರಬಹುದಾ?

ಲಾಭ ಬೇಕಾದರೆ ಸೈಟ್ ತಗೊಳ್ಳಿ.

ಷೋಕೇಸಿನ ಎರಡನೇ ಸಾಲಿನಲ್ಲಿ ಒಂದು ಜಾಗ ಯಾಕೆ ಖಾಲಿ ಇದೆ?

ಅಲ್ಲಿ ಒಂದು ಕೈ ಶಿಲುಬೆ ಇತ್ತು. ಕಬ್ಬಿಣದ್ದು, ಮೇಲಿನ ಅರ್ಧ ಮುತ್ತಿಟ್ಟು ಮುತ್ತಿಟ್ಟು ನುಣ್ಣಗಾಗಿತ್ತು. ಯುರೋಪಿನ ಒಂದು ಅಂಗಡಿಯಲ್ಲಿ ಕೊಂಡದ್ದು, ರಸೀದಿಯೂ ಇದೆ. ಬುಡದ ಚೌಕದಲ್ಲಿ ಇಥಿಯೋಪಿಯಾದ ಗೀಝ್ ಲಿಪಿಯಲ್ಲಿ ಸಣ್ಣ ಅಕ್ಷರದ ಎರಡು ಸಾಲು. ನಾನು ಅದನ್ನು ಅಲಂಕಾರ ಅಂದುಕೊಂಡು ಏಳು ವರ್ಷ ನೋಡಿಕೊಂಡಿದ್ದೆ.

ಪರಿಚಯದ ಇಥಿಯೋಪಿಯನ್ ವಿದ್ಯಾರ್ಥಿಯೊಬ್ಬ ಊಟಕ್ಕೆ ಬಂದಾಗ ಓದಿ ಹೇಳಿದ. ಕೊಟ್ಟವನ ಹೆಸರು, ಆಮೇಲೆ ಊರಿನ ಹೆಸರು, ಚರ್ಚಿನ ಹೆಸರು. ಇದನ್ನು ಕದ್ದವನಿಗೂ ಮಾರಿದವನಿಗೂ ಶಾಪ ಅಂತ ಕೊನೆಯಲ್ಲಿ. ಕೊಂಡವನಿಗೆ? ಅಂತ ಕೇಳಿದೆ. ಅವನು ಇನ್ನೊಮ್ಮೆ ಓದಿ "ಅದಕ್ಕೆ ಜಾಗ ಸಾಲಲಿಲ್ಲ ಅನ್ಸುತ್ತೆ ಅಂಕಲ್" ಅಂತ ನಕ್ಕ.

2014ರಲ್ಲಿ, ಬೆನಿನ್ ದಾಳಿಗೆ ಹೋಗಿದ್ದ ಬ್ರಿಟಿಷ್ ಅಧಿಕಾರಿಯ ಮೊಮ್ಮಗ ಮನೆಯಲ್ಲಿದ್ದ ಒಂದು ಗಂಟೆ, ಒಂದು ಹಕ್ಕಿ ಎರಡನ್ನೂ ತಾನೇ ಒಯ್ದು ಅರಮನೆಗೆ ಒಪ್ಪಿಸಿದ. ಅಷ್ಟು ಸಲೀಸಲ್ಲ ನನ್ನದು. ಆ ಹೆಸರಿನ ಊರು ಮೂರಿವೆಯಂತೆ. ಪತ್ರ ಬರೆದಿದ್ದೇನೆ, ಒಂದು ಕಡೆಯಿಂದ ಉತ್ತರ ಬಂದಿದೆ, ಅವರದ್ದಲ್ಲವಂತೆ. ಯಾವ ಊರಿನದು ಅಂತ ಗೊತ್ತಾಗುವ ತನಕ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ತೋರಿಸಿ ಅಂತ ಕೇಳಬೇಡಿ.